ಫ್ಯಾನ್ ಹೆಚ್ಚಿದವು, ಸದ್ದು ಇಳಿಯಿತು

ಹುಬ್ಬಳ್ಳಿಯ ಬೇಸಿಗೆ ಅಂತ ಡೆಸ್ಕ್‌ಟಾಪ್ ಕಂಪ್ಯೂಟರ್‌ಗೆ ಇನ್ನೆರಡು 120 ಮಿ.ಮೀ. ಫ್ಯಾನ್ ಹಾಕಿದೆ. ಮುಂದಿನದು ಗಾಳಿ ಒಳಗೆ ಎಳೆಯುತ್ತದೆ, ಹಿಂದಿನದು ಬಿಸಿಗಾಳಿ ಹೊರಗೆ ತಳ್ಳುತ್ತದೆ. ಫ್ಯಾನ್ ಜಾಸ್ತಿಯಾದರೆ ಸದ್ದೂ ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಹಾಗಲ್ಲ. ಒಂದೇ ಫ್ಯಾನ್ ಜೋರಾಗಿ ತಿರುಗುವುದಕ್ಕಿಂತ ಮೂರು ನಿಧಾನವಾಗಿ ತಿರುಗಿದರೆ ಸದ್ದು ಕಡಿಮೆ. ಆ ಗುಂಯ್ ಸದ್ದು ಮನಸ್ಸನ್ನು ಎಷ್ಟು ದಣಿಸುತ್ತಿತ್ತು ಅಂತ ಅದು ಹೋದ ಮೇಲೆ ತಿಳಿಯಿತು.

ನಾಲ್ಕು ಪಿನ್ನಿನ ಫ್ಯಾನೇ ತಗೊಳ್ಳಿ. ನಾಲ್ಕನೇ ತಂತಿಯಲ್ಲಿ ಮದರ್‌ಬೋರ್ಡ್ (ಕಂಪ್ಯೂಟರಿನ ಮುಖ್ಯ ಸರ್ಕ್ಯೂಟ್ ಬೋರ್ಡ್) ವೇಗದ ಸಂಕೇತ ಕಳಿಸುತ್ತದೆ. ಮೂರು ಪಿನ್ನಿನದಾದರೆ 12 ವೋಲ್ಟನ್ನು ಇಳಿಸಿಯೇ ನಿಧಾನ ಮಾಡಬೇಕು, ತೀರಾ ಇಳಿಸಿದರೆ ನಿಂತುಬಿಡುತ್ತದೆ. ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ಸ್) ಫ್ಯಾನ್ ಕರ್ವ್, ಅಂದರೆ ಎಷ್ಟು ಬಿಸಿಗೆ ಎಷ್ಟು ವೇಗ ಅನ್ನೋ ಲೆಕ್ಕ, ಇಟ್ಟರೆ ಬಿಸಿ ಏರಿದಾಗ ಮಾತ್ರ ವೇಗ ಏರುತ್ತದೆ. ಹಾಂ, ನಮ್ಮೂರ ಧೂಳಿಗೆ ಮುಂದೆ ಜಾಳಿಗೆ ಬೇಕೇ ಬೇಕು. ಆಗಾಗ ತೆಗೆದು ಒರೆಸಿ.