ಒಳಗಿನ ಹೊಲಿಗೆ ಮಗುವಿಗೆ ಚುಚ್ಚಲ್ವಾ?

ತುಂಡು ಬಟ್ಟೆ ಜೋಡಿಸಿ ಮಕ್ಕಳಿಗೆ ಫ್ರಾಕ್ ಹೊಲಿಯುತ್ತೇನೆ ಅಂದ ಕೂಡಲೇ ಬರುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ‘ನೋಡೋಕೆ ಚೆಂದ. ಆದರೆ ಒಳಗಡೆ ಅಷ್ಟೊಂದು ಹೊಲಿಗೆ ಇರುತ್ತಲ್ಲ, ಮಗುವಿಗೆ ಚುಚ್ಚಲ್ವಾ? ನಾಲ್ಕು ಸಲ ಒಗೆದರೆ ಬಿಟ್ಟುಕೊಳ್ಳಲ್ವಾ?’

ಒಳಮೈಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಹೊಲಿದರೆ ಎರಡೂ ಆಗುತ್ತದೆ. ಚುಚ್ಚುತ್ತದೆ, ಬಿಟ್ಟೂಕೊಳ್ಳುತ್ತದೆ. ಕೌದಿಯಲ್ಲಾದರೆ ತುಂಡುಗಳ ಹಿಂಬದಿ ಇನ್ನೊಂದು ಬಟ್ಟೆಯಡಿ ಮುಚ್ಚಿಹೋಗುತ್ತದೆ. ಗೋಡೆಗೆ ತೂಗುಹಾಕುವುದಾದರೆ ಹಿಂಬದಿಯನ್ನು ಯಾರೂ ನೋಡುವುದಿಲ್ಲ. ಫ್ರಾಕಿನ ಒಳಮೈ ಮಾತ್ರ ಇಡೀ ದಿನ ಮಗುವಿನ ಮೈಗೆ ತಾಗಿಕೊಂಡೇ ಇರುತ್ತದೆ. ಅದಕ್ಕೇ ನಾನು ಮೊದಲು ಒಳಗಡೆ ಹೇಗಿರಬೇಕು ಅಂತ ಯೋಚಿಸುತ್ತೇನೆ. ಯಾವ ಬಣ್ಣದ ಪಕ್ಕ ಯಾವ ಬಣ್ಣ ಅನ್ನುವುದು ಆಮೇಲೆ.

ತುಂಡುಗಳನ್ನು ಎಲ್ಲಿ ಹಾಕಬಾರದು ಅನ್ನುವುದರಿಂದಲೇ ಶುರು ಮಾಡಿ. ಎದೆ ಮೇಲಿನ ಯೋಕ್ (ಲಂಗ ಜೋಡಿಸುವ ಮೇಲ್ಭಾಗ), ಕತ್ತಿನ ಸುತ್ತ, ಕಂಕುಳು, ಇಷ್ಟೂ ಒಂದೇ ಬಟ್ಟೆಯದಾಗಿರಲಿ. ಅಲ್ಲಿ ಬಟ್ಟೆ ಮೈಗೆ ಅಂಟಿಕೊಂಡಿರುತ್ತದೆ, ಬೆವರುತ್ತದೆ, ಮಗು ಕೈ ಎತ್ತಿದಾಗಲೆಲ್ಲ ಉಜ್ಜುತ್ತದೆ. ಕೆಳಗಿನ ಲಂಗದ ಭಾಗ ಮೈಯಿಂದ ದೂರ ತೂಗಾಡುತ್ತದೆ. ತುಂಡುಗಳ ಆಟವೆಲ್ಲ ಅಲ್ಲಿ ನಡೆಯಲಿ. ಇಷ್ಟು ಮಾಡಿದರೇ ಅರ್ಧ ತೊಂದರೆ ಕಳೆಯಿತು. ಯೋಕಿನ ಮೇಲೂ ಪ್ಯಾಚ್‌ವರ್ಕ್ ಬೇಕೇ ಬೇಕು ಅನ್ನುವವರಿದ್ದಾರೆ. ಚಿಕ್ಕ ಮಕ್ಕಳ ಬಟ್ಟೆಗೆ ನಾನಂತೂ ಒಪ್ಪುವುದಿಲ್ಲ.

ಬಟ್ಟೆ ಆರಿಸುವಾಗ ಬಣ್ಣಕ್ಕಿಂತ ದಪ್ಪ ಮುಖ್ಯ. ಜೀನ್ಸ್ ತುಂಡಿನ ಪಕ್ಕ ತೆಳ್ಳನೆಯ ಮಲ್ ಬಟ್ಟೆ ಹೊಲಿದರೆ, ಎಳೆದಾಟದಲ್ಲಿ ಸೋಲುವುದು ಮಲ್ ಬಟ್ಟೆಯೇ. ಸೂಜಿ ತೂರಿದ ಸಾಲಿನಲ್ಲೇ ಹರಿಯುತ್ತದೆ. ಎಲ್ಲ ತುಂಡುಗಳೂ ಒಂದೇ ದಪ್ಪದ ಕಾಟನ್ ಆಗಿರಲಿ. ಹಳೆಯ ಶರ್ಟು, ಬೆಡ್‌ಶೀಟು ಕತ್ತರಿಸುವುದಾದರೆ ಮೊದಲು ಬೆಳಕಿಗೆ ಹಿಡಿದು ನೋಡಿ. ಶರ್ಟಿನ ಬೆನ್ನಿನ ಭಾಗ ಸಾಮಾನ್ಯವಾಗಿ ಗಟ್ಟಿ ಇರುತ್ತದೆ. ಮೊಣಕೈ, ಕಂಕುಳು, ಕಾಲರಿನ ಹತ್ತಿರ ಸವೆದಿರುತ್ತದೆ. ಎರಡೂ ಕಡೆ ಹಿಡಿದು ಜಗ್ಗಿದಾಗ ಎಳೆ ಬಿಟ್ಟುಕೊಳ್ಳುವ ಜಾಗವನ್ನು ಕತ್ತರಿಸಿ ಪಕ್ಕಕ್ಕಿಡಿ.

ಕತ್ತರಿಸುವ ಮೊದಲು ಹೊಸದು ಹಳೆಯದು ಎಲ್ಲವನ್ನೂ ಒಮ್ಮೆ ಒಗೆದು ಒಣಗಿಸಿ. ಕಾಟನ್ ಮೊದಲ ನೀರಿಗೇ ಕುಗ್ಗುತ್ತದೆ, ಅದೂ ಒಂದೊಂದು ಬಟ್ಟೆ ಒಂದೊಂದು ಥರ. ಹೊಲಿದ ಮೇಲೆ ಕುಗ್ಗಿದರೆ ಒಂದು ತುಂಡು ಪಕ್ಕದ ತುಂಡನ್ನು ಎಳೆದು ಸುಕ್ಕು ಬೀಳಿಸುತ್ತದೆ. ಕಡುಗೆಂಪು, ಕಡುನೀಲಿ ಬಟ್ಟೆಗಳ ಮೇಲೆ ಒದ್ದೆ ಮಾಡಿದ ಬಿಳಿ ಬಟ್ಟೆ ಉಜ್ಜಿ ನೋಡಿ. ಬಿಳಿಗೆ ಬಣ್ಣ ಹತ್ತಿದರೆ ಅಂಥ ತುಂಡಿನ ಪಕ್ಕ ತಿಳಿಬಣ್ಣ ಇಡಲು ಹೋಗಬೇಡಿ.

ಈಗ ಲೆಕ್ಕ. ಕೌದಿ ಕೆಲಸದವರು ಕಾಲು ಇಂಚು ಮಾರ್ಜಿನ್, ಅಂದರೆ ಹೊಲಿಗೆಯಾಚೆ ಅಂಚಿನಲ್ಲಿ ಉಳಿಯುವ ಬಟ್ಟೆ, ಬಿಡುವುದುಂಟು. ಓಡಿ ಆಡುವ ಮಗುವಿನ ಬಟ್ಟೆಗೆ ಅದು ಸಾಲದು. ನಾನು 3/8 ಇಂಚು, ಅಂದರೆ ಸುಮಾರು 1 ಸೆಂಟಿಮೀಟರ್ ಬಿಡುತ್ತೇನೆ. ಹೊಲಿದ ಮೇಲೆ 4 ಇಂಚಿನ ಚೌಕ ಕಾಣಬೇಕಾದರೆ 4¾ ಇಂಚು ಕತ್ತರಿಸಬೇಕು. ಮೂರು ವರ್ಷದ ಮಗುವಿನ ಲಂಗಕ್ಕೆ ಸುತ್ತಳತೆ 40 ಇಂಚು ಇಟ್ಟುಕೊಂಡರೆ ಒಂದು ಸಾಲಿಗೆ 10 ಚೌಕ ಬೇಕು. ಬಟ್ಟೆಯಾಗಿ ಅದು 47½ ಇಂಚು. ಸಾಲನ್ನು ಸುತ್ತಿ ಜೋಡಿಸಿದಾಗ 10 ಹೊಲಿಗೆ ಬೀಳುತ್ತದೆ, ಒಂದೊಂದೂ ಮುಕ್ಕಾಲು ಇಂಚು ನುಂಗುತ್ತದೆ, 7½ ಇಂಚು ಅಲ್ಲೇ ಹೋಯಿತು. ಇದನ್ನು ಲೆಕ್ಕ ಹಾಕದೆ ಕತ್ತರಿಸಿದವರೇ ಕೊನೆಗೆ ‘ಯಾಕೋ ಬಿಗಿಯಾಯ್ತು’ ಅನ್ನುವುದು. ಸಾಮಾನ್ಯ ಫ್ರಾಕಿನಂತೆ ಎರಡು ಪಟ್ಟು ಬಟ್ಟೆ ಹಿಡಿದು ನೆರಿಗೆ ಹಾಕಬೇಡಿ. ಯೋಕಿನ ಕೆಳ ಅಳತೆಗೆ ಒಂದೂವರೆ ಪಟ್ಟು ಸಾಕು. ತುಂಡುಗಳ ಮಾರ್ಜಿನ್ ಕೂಡ ನೆರಿಗೆಯಲ್ಲಿ ಸೇರುವುದರಿಂದ ಸೊಂಟದ ಹತ್ತಿರ ಮೊದಲೇ ದಪ್ಪವಾಗಿರುತ್ತದೆ.

ಚೌಕಗಳನ್ನು ನೇಯ್ಗೆಯ ಎಳೆಗೆ ಸರಿಯಾಗಿ, ನೇರಕ್ಕೆ ಕತ್ತರಿಸಿ. ಓರೆಯಾಗಿ ಕತ್ತರಿಸಿದ ಅಂಚು ಕೈ ಮುಟ್ಟಿದರೂ ಹಿಗ್ಗುತ್ತದೆ.

ಬಿಟ್ಟುಕೊಳ್ಳುವ ವಿಷಯಕ್ಕೆ ಬರೋಣ. ಮೆಷಿನ್ನಿನ ಹೊಲಿಗೆ ಉದ್ದವನ್ನು 2 ಮಿಲಿಮೀಟರಿಗೆ ಇಳಿಸಿ. ಒಳ್ಳೆಯ ಪಾಲಿಯೆಸ್ಟರ್ ದಾರ ಬಳಸಿ. ಡಬ್ಬಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ದಾರವಾದರೆ ಒಂದು ಮೊಳ ಎಳೆದು ಜಗ್ಗಿ ನೋಡಿ. ಪಟ್ ಅಂತ ತುಂಡಾದರೆ ಅದು ಬೇಡ. ಇನ್ನೊಂದು ಮಾತು. ತುಂಡುಗಳನ್ನು ಜೋಡಿಸಿ ದೊಡ್ಡ ಬಟ್ಟೆ ಮಾಡಿಕೊಂಡು, ಅದರ ಮೇಲೆ ಅಳತೆ ಬರೆದು ಲಂಗವನ್ನು ಕತ್ತರಿಸುವುದಾದರೆ, ಕತ್ತರಿ ಹಾಕಿದಲ್ಲೆಲ್ಲ ಚಿಕ್ಕ ಹೊಲಿಗೆಗಳ ತುದಿ ಕತ್ತರಿಸಿಹೋಗುತ್ತದೆ. ಅಲ್ಲಿಂದಲೇ ಬಿಚ್ಚಿಕೊಳ್ಳಲು ಶುರುವಾಗುವುದು. ಕತ್ತರಿಸಿದ ಕೂಡಲೇ, ಬೇರೆ ಕೆಲಸಕ್ಕೆ ಏಳುವ ಮೊದಲೇ, ಅಂಚಿನಿಂದ 3 ಮಿಲಿಮೀಟರ್ ಒಳಗೆ ಸುತ್ತಲೂ ಒಂದು ಹೊಲಿಗೆ ಓಡಿಸಿಬಿಡಿ. ಎಷ್ಟೋ ಫ್ರಾಕುಗಳನ್ನು ಉಳಿಸುವ ಹೊಲಿಗೆ ಅದು.

ನಾಲ್ಕು ಚೌಕಗಳು ಸೇರುವ ಮೂಲೆಯನ್ನು ಒಳಗಿನಿಂದ ಬೆರಳ ತುದಿಯಲ್ಲಿ ಮುಟ್ಟಿ ನೋಡಿದ್ದೀರಾ? ಕಡಲೆಕಾಳು ಸಿಕ್ಕಿಸಿದ ಹಾಗೆ ಗಂಟು ಸಿಕ್ಕಿದರೆ ಚುಚ್ಚುವುದು ಅದೇ. ಮೇಲಿನ ಸಾಲಿನ ಮಾರ್ಜಿನ್, ಕೆಳಗಿನ ಸಾಲಿನ ಮಾರ್ಜಿನ್ ಎರಡೂ ಒಂದೇ ಕಡೆಗೆ ಬಾಗಿವೆ ಅಂತ ಅರ್ಥ. ಇದಕ್ಕೆ ಪರಿಹಾರ ಇಸ್ತ್ರಿಪೆಟ್ಟಿಗೆಯಲ್ಲಿದೆ. ಮೊದಲ ಸಾಲಿನ ಮಾರ್ಜಿನ್ ಎಲ್ಲ ಎಡಕ್ಕೆ ಒತ್ತಿ, ಎರಡನೆಯದು ಬಲಕ್ಕೆ, ಮೂರನೆಯದು ಮತ್ತೆ ಎಡಕ್ಕೆ. ಸಾಲಿಗೆ ಸಾಲು ಸೇರಿಸುವಾಗ ಎರಡು ಉಬ್ಬುಗಳು ಎದುರು ಬದುರಾಗಿ, ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತವೆ. ಹೆಬ್ಬೆರಳಿಗೆ ಅದು ಗೊತ್ತಾಗುತ್ತದೆ. ಅಲ್ಲಿಗೇ ಗುಂಡುಸೂಜಿ ಚುಚ್ಚಿ ಹೊಲಿಯಿರಿ. ಮೂಲೆ ಹೊರಗಡೆ ಕೂಡಿಸಿದಂತೆ ಕೂರುತ್ತದೆ, ಒಳಗಡೆ ಚಪ್ಪಟೆಯಾಗಿರುತ್ತದೆ. ಇಸ್ತ್ರಿಯನ್ನು ಎಳೆಯದೆ, ಎತ್ತಿ ಎತ್ತಿ ಒತ್ತಬೇಕು. ಎಳೆದರೆ ಚೌಕ ಸೊಟ್ಟಗಾಗುತ್ತದೆ. ಹೊಲಿಗೆ ಮುಗಿದ ಮೇಲೆ ಒತ್ತೋಣ ಅಂದರೆ ನಡೆಯಲ್ಲ. ಪ್ರತಿ ಸಾಲು ಮುಗಿದಾಗ ಒತ್ತಲೇಬೇಕು.

ಹೀಗೆ ಮಾಡಿದರೂ ಲೈನಿಂಗ್ ಕೊಡುವುದು ನನ್ನ ಪದ್ಧತಿ. ತೆಳ್ಳನೆಯ ಮಲ್ ಅಥವಾ ವಾಯಿಲ್, ಅದೂ ಒಗೆದು ಮೆತ್ತಗಾದದ್ದು. ಲೈನಿಂಗನ್ನು ಸೊಂಟದಲ್ಲಿ ಮಾತ್ರ ಸೇರಿಸಿ, ಕೆಳಗೆ ಬಿಟ್ಟಿರಬೇಕು. ಮೇಲಿನ ಬಟ್ಟೆಗಿಂತ ಒಂದು ಇಂಚು ಗಿಡ್ಡ ಇದ್ದರೆ ಹೊರಗೆ ಇಣುಕುವುದಿಲ್ಲ. ಆಗ ಅಷ್ಟೂ ಹೊಲಿಗೆ ಎರಡು ಪದರದ ನಡುವೆ ಉಳಿಯುತ್ತದೆ, ಮಗುವಿಗೆ ತಾಗುವುದು ಮೆತ್ತನೆ ಬಟ್ಟೆ ಮಾತ್ರ.

ಎಲ್ಲಕ್ಕಿಂತ ಒರಟು ಜಾಗ ಸೊಂಟದ ಹೊಲಿಗೆ. ನೆರಿಗೆ, ಮಾರ್ಜಿನ್, ಲೈನಿಂಗ್ ಎಲ್ಲ ಅಲ್ಲೇ ಸೇರುತ್ತವೆ. ಅದನ್ನು ಓವರ್‌ಲಾಕ್ ಮಾಡಿ, ಅಂದರೆ ಅಂಚಿಗೆ ಮೆಷಿನ್ನಿನಲ್ಲಿ ದಾರ ಸುತ್ತಿ ಬಿಡುವುದು ರೂಢಿ, ಆದರೆ ಚುಚ್ಚುತ್ತದೆ ಅಂತ ಮಗು ಅಳುವುದು ಅಲ್ಲೇ. ಯೋಕನ್ನು ಎರಡು ಪದರ ಮಾಡಿ. ಕತ್ತು, ಕಂಕುಳನ್ನು ಒಳಮುಖ ಹೊರಗೆ ಬರುವಂತೆ ಇಟ್ಟು ಹೊಲಿದು, ಮಗುಚಿದರೆ ಅಲ್ಲಿನ ಅಂಚುಗಳೆಲ್ಲ ಒಳಗೆ ಅಡಗುತ್ತವೆ. ಲಂಗವನ್ನು ಹೊರಗಿನ ಯೋಕಿಗೆ ಮಾತ್ರ ಸೇರಿಸಿ, ಮಾರ್ಜಿನ್ ಮೇಲಕ್ಕೆ ಎತ್ತಿ ಒತ್ತಿ. ಒಳಗಿನ ಯೋಕಿನ ಕೆಳ ಅಂಚನ್ನು ಮಡಚಿ, ಆ ಹೊಲಿಗೆಯ ಮೇಲೆ ಹೊದಿಸಿ, ಕೈಯಲ್ಲಿ ಹೆಮ್ಮಿಂಗ್ ಹಾಕಿ. ಇದಕ್ಕೆ ತಾಳ್ಮೆ ಬೇಕು. ಆದರೆ ಕೈಹೊಲಿಗೆಯಷ್ಟು ಮೆತ್ತಗೆ ಮೆಷಿನ್ ಹೊಲಿಗೆ ಕೂರುವುದಿಲ್ಲ.

ಲೈನಿಂಗ್ ಹಾಕಿದರೆ ಸೆಕೆ ಅನ್ನುವವರು ಜೀನ್ಸ್ ಕಾಲಿನ ಒಳಬದಿಯಲ್ಲಿ ಇರುವಂಥ ಮಡಚಿದ ಡಬಲ್ ಹೊಲಿಗೆ ಹಾಕಬಹುದು. ಓವರ್‌ಲಾಕೇ ಆಗಬೇಕಾದರೆ ಬಿರುಸಾದ ನೈಲಾನ್ ದಾರ ಮಾತ್ರ ಬೇಡ. ಎಷ್ಟೋ ಸಲ ಚುಚ್ಚುವುದು ಬಟ್ಟೆಯಲ್ಲ, ಆ ದಾರದ ತುದಿ. ಮುಗಿದ ಮೇಲೆ ಫ್ರಾಕನ್ನು ಒಳಮೈ ಹೊರಗೆ ಮಾಡಿ ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಉಜ್ಜಿಕೊಂಡು ನೋಡಿ. ಬೆರಳಿಗೆ ಗೊತ್ತಾಗದ್ದು ಅಲ್ಲಿ ಗೊತ್ತಾಗುತ್ತದೆ.

ಚುಚ್ಚುವುದಕ್ಕಿಂತ ದೊಡ್ಡ ವಿಷಯ ಒಂದಿದೆ, ಅದನ್ನು ಯಾರೂ ಕೇಳುವುದಿಲ್ಲ. ಕತ್ತಿನ ಹತ್ತಿರ ಕಟ್ಟುವ ಲಾಡಿ, ದಾರ ಇಡಬೇಡಿ. ಆಟದ ಜಾರುಬಂಡೆಗೋ ಬಾಗಿಲಿಗೋ ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯುತ್ತದೆ. ಯುರೋಪಿನ ಇಎನ್ 14682 ಎಂಬ ಮಾನದಂಡ ಏಳು ವರ್ಷದೊಳಗಿನ ಮಕ್ಕಳ ಬಟ್ಟೆಯಲ್ಲಿ ಕತ್ತಿನ ಭಾಗಕ್ಕೆ ಇಂಥ ದಾರ ಬೇಡ ಅನ್ನುತ್ತದೆ. ಅದರ ಬದಲು ಬೆನ್ನಿನ ಕಡೆ ಸೀಳು ಕೊಟ್ಟು ಟಿಚ್ ಬಟನ್ ಹಾಕಿ. ಮೂರು ವರ್ಷದ ಮಗುವಿನ ತಲೆ ಸುತ್ತಳತೆ 19–20 ಇಂಚು ಇರುತ್ತದೆ, ಸೀಳು ಸೇರಿ ಕತ್ತು ಅಷ್ಟು ಸುತ್ತಳತೆಗೆ ತೆರೆಯಬೇಕು. ಅಂದಕ್ಕೆ ಅಂತ ಮಣಿ, ಮಿಣುಕು ಹೊಲಿಯುವುದೂ ಬೇಡ. ಕಿತ್ತು ಬಾಯಿಗೆ ಹಾಕಿಕೊಳ್ಳುವ ವಯಸ್ಸು ಅದು.

ಅಷ್ಟು ಕಷ್ಟಪಟ್ಟು ಹೊಲಿದದ್ದು ಒಂದೇ ವರ್ಷಕ್ಕೆ ಗಿಡ್ಡವಾಗುತ್ತಲ್ಲ ಅನ್ನುವುದು ಮುಂದಿನ ಮಾತು. ಈ ವಯಸ್ಸಿನಲ್ಲಿ ಮಕ್ಕಳು ವರ್ಷಕ್ಕೆ ಸುಮಾರು 6 ಸೆಂಟಿಮೀಟರ್ ಉದ್ದವಾಗುತ್ತಾರೆ, ಅಗಲ ಅಷ್ಟು ಬೇಗ ಆಗುವುದಿಲ್ಲ. ಲಂಗದ ಕೆಳಗೆ ಒಂದೇ ಬಟ್ಟೆಯ ಅಗಲ ಪಟ್ಟಿ ಕೊಟ್ಟು, ಅದರಲ್ಲಿ ಒಂದು ಇಂಚಿನ ಮಡಿಕೆ ಹಿಡಿದು ಉದ್ದ ಹೊಲಿಗೆ ಹಾಕಿಡಿ. ಬಿಚ್ಚಿದರೆ ಎರಡು ಇಂಚು ಸಿಗುತ್ತದೆ. ಅದೂ ಸಾಲದಾದಾಗ ಪಟ್ಟಿಯನ್ನೇ ಬಿಡಿಸಿ, ನಡುವೆ ಚೌಕಗಳ ಇನ್ನೊಂದು ಸಾಲು ಸೇರಿಸಬಹುದು. ಬೇರೆ ಯಾವ ಫ್ರಾಕಿಗೂ ಹೀಗೆ ಮಾಡಿದರೆ ಜೋಡಿಸಿದ್ದು ಎದ್ದು ಕಾಣುತ್ತದೆ, ಇದಕ್ಕೆ ಕಾಣುವುದೇ ಇಲ್ಲ. ಹೊಸ ಸಾಲಿನ ಬಟ್ಟೆಗಳನ್ನು ಮಗುವೇ ಆರಿಸಲಿ, ಅಷ್ಟು ಹೊತ್ತಿಗೆ ಅದಕ್ಕೂ ಇಷ್ಟಾನಿಷ್ಟ ಬಂದಿರುತ್ತದೆ. ಲೈನಿಂಗಿನ ಕೆಳಗೂ ಮೊದಲೇ ನಾಲ್ಕೈದು ಇಂಚು ಮಡಚಿಟ್ಟಿರಬೇಕು. ಇಲ್ಲದಿದ್ದರೆ ಹೊಸ ಸಾಲಿನ ಹೊಲಿಗೆ ನೇರವಾಗಿ ಮಗುವಿನ ಕಾಲಿಗೆ ತಾಗುತ್ತದೆ.