ಒಡೆಯುವ ಮೊದಲು: ಗೋಡೆಯ ತೇವ, ಗೀಸರಿನ ಹನಿ, ಕೈಯಲ್ಲಿರಬೇಕಾದ ಕಾಗದ

ಗೋಡೆಯಲ್ಲಿ ತೇವ ಕಂಡ ಕೂಡಲೇ ಮನೆಯವರು ಮೇಸ್ತ್ರಿಗೆ ಫೋನ್ ಮಾಡುತ್ತಾರೆ. ಮೇಸ್ತ್ರಿ ಬಂದವನೇ ಉಳಿ ಸುತ್ತಿಗೆ ತೆಗೆಯುತ್ತಾನೆ. ಈ ಎರಡರ ನಡುವೆ ಕೆಲವು ದಿನ ತಡೆಯಿರಿ ಎನ್ನುವುದು ಮನೆ ರಿಪೇರಿ ತಪಾಸಣೆ ಮಾಡುವ ನಮ್ಮಂಥವರ ಮೊದಲ ಮಾತು. ನೀರಿನ ಮೂಲ ಗೊತ್ತಾಗದೆ ಒಡೆದರೆ ತಪ್ಪು ಜಾಗ ಒಡೆದಿರುತ್ತೇವೆ, ಇದು ಎಲ್ಲರಿಗೂ ತಿಳಿದಿದ್ದೇ. ಮರೆತುಹೋಗುವುದು ಇನ್ನೊಂದು: ಒಡೆದ ಮೇಲೆ ಸಾಕ್ಷಿ ಉಳಿಯುವುದಿಲ್ಲ. ಮನೆ ಕಟ್ಟಿದ ಗುತ್ತಿಗೆದಾರರನ್ನೋ, ಮೇಲಿನ ಮನೆಯವರನ್ನೋ, ವಿಮೆ ಕಂಪನಿಯನ್ನೋ ಕೇಳಬೇಕಾದ ಹಕ್ಕು ಒಡೆದ ಗಾರೆಯ ಜೊತೆಗೇ ಕಸದ ಗಾಡಿ ಹತ್ತಿಬಿಡುತ್ತದೆ.

ತೇವದ ಮೂಲಗಳು ಹೆಚ್ಚೇನಿಲ್ಲ, ಐದು. ಸದಾ ನೀರು ತುಂಬಿರುವ ಸರಬರಾಜು ಪೈಪು, ಬಳಸಿದಾಗ ಮಾತ್ರ ಹರಿಯುವ ಬಚ್ಚಲ ಪೈಪು, ಮಳೆ, ನೆಲದಿಂದ ಏರುವ ನೀರು, ಒಳಗಿನ ಗಾಳಿಯದೇ ಆವಿ. ಯಾವುದೆಂದು ಹೇಳುವುದು ಕಲೆಯ ಬಣ್ಣಕ್ಕಿಂತ ಅದರ ಸಮಯ. ಸರಬರಾಜು ಪೈಪಿನ ಸೋರಿಕೆಗೆ ಹಗಲು ರಾತ್ರಿ ಇಲ್ಲ, ಒಂದೇ ಸಮ ಇರುತ್ತದೆ. ಬಚ್ಚಲಿನದು ಸ್ನಾನದ ಹೊತ್ತಿನ ನಂತರ ಹೆಚ್ಚಿ, ಮನೆಯವರು ನಾಲ್ಕು ದಿನ ಊರಿಗೆ ಹೋದರೆ ಒಣಗುತ್ತದೆ. ಮಳೆಯದು ಮಳೆ ನಿಂತು ಕೆಲವು ಗಂಟೆಗೋ ಮರುದಿನವೋ ಕಾಣಿಸಿಕೊಳ್ಳುತ್ತದೆ. ಆವಿಯದು ಚಳಿಯ ಬೆಳಗಿನಲ್ಲಿ, ಬೀರುವಿನ ಹಿಂದೆ, ಗಾಳಿಯಾಡದ ಮೂಲೆಯಲ್ಲಿ ಕಪ್ಪು ಬೂಷ್ಟಾಗಿ ಬರುತ್ತದೆ. ಆದ್ದರಿಂದ ಮೊದಲ ಉಪಕರಣ ಪೆನ್ಸಿಲ್. ಒದ್ದೆಯ ಅಂಚಿನ ಸುತ್ತ ಗೋಡೆಯ ಮೇಲೆಯೇ ಗೆರೆ ಎಳೆದು, ತಾರೀಖು ಸಮಯ ಬರೆದು, ಪಕ್ಕದಲ್ಲಿ ಅಳತೆ ಟೇಪು ಹಿಡಿದು ಫೋಟೋ ತೆಗೆಯಿರಿ. ಎರಡು ವಾರ ಹೀಗೆ ಮಾಡಿ, ಜೊತೆಗೆ ಮಳೆ ಬಂದದ್ದು, ಬಟ್ಟೆ ಒಗೆದದ್ದು, ಟ್ಯಾಂಕ್ ತುಂಬಿದ್ದು ಬರೆದಿಟ್ಟರೆ ಉತ್ತರ ಬಹುಪಾಲು ಅದರಲ್ಲೇ ಇರುತ್ತದೆ. ಮುಂದೆ ತಕರಾರು ಎದ್ದರೆ ಇದೇ ದಾಖಲೆ.

ಸರಬರಾಜು ಪೈಪಿನ ಮೇಲೆ ಅನುಮಾನವಿದ್ದರೆ ರಾತ್ರಿ ಎಲ್ಲ ನಲ್ಲಿ ಮುಚ್ಚಿ ಮೀಟರ್ ಓದಿಟ್ಟು, ಬೆಳಿಗ್ಗೆ ಮತ್ತೆ ಓದಿ. ಮೇಲೆ ಟ್ಯಾಂಕ್ ಇರುವ ಮನೆಯಲ್ಲಿ ಮೀಟರ್ ಟ್ಯಾಂಕಿನವರೆಗಿನ ಕಥೆ ಮಾತ್ರ ಹೇಳುತ್ತದೆ. ಅಲ್ಲಿ ಟ್ಯಾಂಕಿಗೆ ಬರುವ ನೀರು ನಿಲ್ಲಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಬೇಕು. ತಳ ಒಂದು ಮೀಟರ್ ಉದ್ದಗಲವಿರುವ ಟ್ಯಾಂಕಿನಲ್ಲಿ ಮಟ್ಟ 1 ಸೆಂಟಿಮೀಟರ್ ಇಳಿದರೆ 10 ಲೀಟರ್ ಹೋಗಿದೆ ಎಂದರ್ಥ. ಇಳಿದಿದ್ದರೆ ಮರುದಿನ ಒಂದೊಂದೇ ಲೈನಿನ ವಾಲ್ವ್ ಮುಚ್ಚಿ ಅದೇ ಪರೀಕ್ಷೆ. ಆದರೆ ಅದಕ್ಕೂ ಮೊದಲು ಫ್ಲಶ್ ಟ್ಯಾಂಕಿಗೆ ಒಂದಿಷ್ಟು ಬಣ್ಣ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಟ್ಟು ನೋಡಿ. ಬಣ್ಣ ಕಮೋಡಿಗೆ ಇಳಿದಿದ್ದರೆ ನೀರು ಕಳೆದದ್ದು ಅಲ್ಲಿ, ಗೋಡೆಯ ತಪ್ಪಿಲ್ಲ.

ಗೀಸರಿಗೆ ಹೋಗುವ ವಾಲ್ವ್ ಮುಚ್ಚಿದಾಗ ಸೋರಿಕೆ ನಿಂತರೆ ಬಿಸಿನೀರಿನ ಲೈನ್ ಹಿಡಿಯಿರಿ. ಗೋಡೆಯೊಳಗೆ ಮೊದಲು ಕೈಕೊಡುವುದು ಅದೇ. ಬಿಸಿನೀರಿಗೆ ಹಾಕುವ ಪ್ಲಾಸ್ಟಿಕ್ ಪೈಪಾದ ಸಿಪಿವಿಸಿಯ 3 ಮೀಟರ್ ಉದ್ದ 40 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 7 ಮಿಲಿಮೀಟರ್ ಉದ್ದವಾಗುತ್ತದೆ. ಪೈಪನ್ನು ಸಿಮೆಂಟಿನಲ್ಲಿ ಬಿಗಿಯಾಗಿ ಹೂತಿದ್ದರೆ ಆ ಎಳೆತವೆಲ್ಲ ಎಲ್ಬೋ (ಪೈಪು ತಿರುಗುವ ಮೂಲೆಯ ತುಂಡು) ಮತ್ತು ಹಿತ್ತಾಳೆ ತಿರುಪಿನ ಜೋಡಣೆಯ ಮೇಲೆ ಬೀಳುತ್ತದೆ. ಮತ್ತೆ ಹಾಕುವಾಗ ಬಿಸಿ ಪೈಪಿಗೆ ಫೋಮಿನ ತೋಳು ತೊಡಿಸಿ. ಶಾಖವೂ ಉಳಿಯುತ್ತದೆ, ಪೈಪಿಗೆ ಹಿಗ್ಗಲು ಜಾಗವೂ ಸಿಗುತ್ತದೆ. ಮುಚ್ಚುವ ಮೊದಲು ಕೈಪಂಪಿನಿಂದ, ಕೆಲಸದ ಒತ್ತಡದ ಒಂದೂವರೆ ಪಟ್ಟು ಏರಿಸಿ ಪರೀಕ್ಷಿಸಬೇಕು. ಗೀಸರ್, ಮಿಕ್ಸರ್, ಫ್ಲಶ್ ವಾಲ್ವ್ ಮೊದಲೇ ಬೇರೆ ಮಾಡಿರಲಿ, ಪೈಪಿನಲ್ಲಿ ಗಾಳಿ ಉಳಿದಿರದಿರಲಿ. ಪ್ಲಾಸ್ಟಿಕ್ ಪೈಪು ಒತ್ತಡಕ್ಕೆ ತುಸು ಹಿಗ್ಗುವುದರಿಂದ ಮೊದಲ ಅರ್ಧ ಗಂಟೆ ಒತ್ತಡ ಮಾಪಕದ ಮುಳ್ಳು ಇಳಿಯುವುದು ಸಹಜ. ಮತ್ತೊಮ್ಮೆ ಪಂಪ್ ಮಾಡಿ, ಆಮೇಲೆ ಗಡಿಯಾರ ನೋಡಿ. ಟೈಲ್ಸ್ ಅಂಟಿಸಿದ ನಂತರ ಮಾಡುವ ಒತ್ತಡ ಪರೀಕ್ಷೆ ಹೊಟ್ಟೆ ಉರಿಸಿಕೊಳ್ಳಲಷ್ಟೇ ಉಪಯೋಗ.

ಬಚ್ಚಲಿನ ಪರೀಕ್ಷೆಯಲ್ಲಿ ಕ್ರಮವೇ ಮುಖ್ಯ: ಕೆಳಗಿನಿಂದ ಮೇಲಕ್ಕೆ, ಒಂದು ಸಲಕ್ಕೆ ಒಂದೇ. ಮೊದಲು ನೆಲದ ನಹಾನಿ ಟ್ರ್ಯಾಪ್ (ನೀರು ಹೊರಹೋಗುವ ಬಾಯಿ) ಮುಚ್ಚಿ 25 ಮಿಲಿಮೀಟರ್ ನೀರು ನಿಲ್ಲಿಸಿ, ಗೋಡೆಗೆ ಗುರುತು ಹಾಕಿ, 24 ಗಂಟೆ ಬಿಡಿ. ಅಲ್ಲೇ ಪಕ್ಕದಲ್ಲಿ ಅಗಲ ಬಾಯಿಯ ತಟ್ಟೆಯಲ್ಲೂ ಅಷ್ಟೇ ನೀರಿಟ್ಟರೆ ಆವಿಯಾಗಿ ಹೋದದ್ದೆಷ್ಟು ಎಂದು ಗೊತ್ತಾಗುತ್ತದೆ. ಕೆಳಗಿನ ಚಾವಣಿ ಒದ್ದೆಯಾದರೆ ತಪ್ಪು ನೆಲದ್ದು. ಆಗದಿದ್ದರೆ ಟ್ರ್ಯಾಪ್ ತೆರೆದು, ನೀರು ಹರಿಸಿ ಪೈಪನ್ನು ನೋಡಿ. ಅದೂ ಸರಿಯಿದ್ದರೆ ಕೊನೆಗೆ ಶವರ್ ಬಿಟ್ಟು ಗೋಡೆ. ಮೊದಲೇ ಶವರ್ ಬಿಟ್ಟರೆ ಗೋಡೆ, ನೆಲ, ಪೈಪು ಮೂರೂ ಒದ್ದೆಯಾಗಿ ಯಾವುದರ ತಪ್ಪೆಂದೇ ತಿಳಿಯದು. ಹೊರಗೋಡೆಗೆ ಪೈಪಿನಿಂದ ನೀರು ಬಿಟ್ಟು ನೋಡುವಾಗಲೂ ಇದೇ ನಿಯಮ. ಸೋರುವ ಜಾಗ ಟೈಲಿನ ನಡುಮಧ್ಯ ಆಗಿರುವುದು ಅಪರೂಪ. ಟ್ರ್ಯಾಪಿನ ಕುತ್ತಿಗೆ, ನೆಲ ಗೋಡೆ ಕೂಡುವ ಮೂಲೆ, ಪೈಪು ಗೋಡೆ ತೂರುವ ತೂತು, ಈ ಮೂರನ್ನು ಮೊದಲು ನೋಡಿ. ಟೈಲ್ಸ್ ಸಂದಿಗೆ ತುಂಬುವ ಗ್ರೌಟ್ ನೀರು ತಡೆಯುವ ವಸ್ತುವಲ್ಲ. ತಡೆಯುವುದು ಅದರ ಕೆಳಗಿನ ವಾಟರ್‌ಪ್ರೂಫಿಂಗ್ ಪದರ. ಅದು ಗೋಡೆಗೂ ಕನಿಷ್ಠ 150 ಮಿಲಿಮೀಟರ್ ಏರಿರಬೇಕು, ಶವರ್ ಇರುವ ಕಡೆ ತಲೆಯ ಎತ್ತರದವರೆಗೆ. ಮೂಲೆಯಲ್ಲಿ ಪದರ ಕತ್ತರಿಸಿಹೋಗಿದ್ದರೆ ಮೇಲಿನಿಂದ ಎಷ್ಟು ಸಲ ಗ್ರೌಟ್ ತುಂಬಿದರೂ ಕೆಲವು ತಿಂಗಳ ಮಾತು.

ತಾರಸಿಗೂ ನೀರು ನಿಲ್ಲಿಸಿ ನೋಡಬಹುದು, ಆದರೆ 50 ಮಿಲಿಮೀಟರ್ ನೀರೆಂದರೆ ಪ್ರತಿ ಚದರ ಮೀಟರಿಗೆ 50 ಕಿಲೋ ಭಾರ. ಹಳೆಯ ಚಾವಣಿ, ಕಾಂಕ್ರೀಟ್ ಉದುರಿ ಕಂಬಿ ಕಾಣುವ ಚಾವಣಿ ಇದ್ದಲ್ಲಿ ಈ ಸಾಹಸ ಬೇಡ, ಇಂಜಿನಿಯರ್ ನೋಡಲಿ. ತಾರಸಿಯ ನೀರು 100ಕ್ಕೆ 1ರ ಇಳಿಜಾರಿನಲ್ಲಿ ಹರಿದುಹೋಗುತ್ತಿದ್ದರೆ ಅರ್ಧ ರೋಗ ವಾಸಿ.

ಗೋಡೆಯ ನೀರೋ ಗಾಳಿಯ ನೀರೋ ಎಂಬ ಅನುಮಾನಕ್ಕೆ ಒಂದು ಅಡಿ ಚದರದ ಅಡುಗೆಮನೆ ಫಾಯಿಲ್ ಸಾಕು. ಗೋಡೆಯ ಮೇಲ್ಮೈ ಒರೆಸಿ, ನಾಲ್ಕೂ ಅಂಚಿಗೆ ಟೇಪು ಬಿಗಿದು 48 ಗಂಟೆ ಬಿಡಿ. ಹನಿ ಕೋಣೆಯ ಕಡೆ ಕಟ್ಟಿದರೆ ಅದು ಆವಿ, ಗೋಡೆಯ ಕಡೆ ಕಟ್ಟಿದರೆ ಗೋಡೆಯೊಳಗಿನ ನೀರು. 20 ಡಿಗ್ರಿ ಉಷ್ಣತೆ, ಶೇಕಡಾ 60 ತೇವಾಂಶ ಇರುವ ಕೋಣೆಯ ಗಾಳಿ ಸುಮಾರು 12 ಡಿಗ್ರಿಯ ಗೋಡೆಗೆ ತಾಗಿದರೆ ಹನಿಯಾಗುತ್ತದೆ. ಬೂಷ್ಟಿಗೆ ಹನಿಯೂ ಬೇಕಿಲ್ಲ, ಗೋಡೆಯ ಮೈಯಲ್ಲಿ ತೇವಾಂಶ ಶೇಕಡಾ 80ರ ಆಸುಪಾಸಿನಲ್ಲಿ ನಿಂತರೆ ಸಾಕು. ಇದಕ್ಕೆ ವಾಟರ್‌ಪ್ರೂಫಿಂಗ್ ಮಾಡಿಸುವುದು ದಂಡ. ಎಕ್ಸಾಸ್ಟ್ ಫ್ಯಾನಿನ ಗಾಳಿ ನಿಜವಾಗಿ ಹೊರಗೆ ಹೋಗುತ್ತಿದೆಯೇ ನೋಡಿ, ಬೀರುವನ್ನು ಹೊರಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆಯಿರಿ, ಒದ್ದೆ ಬಟ್ಟೆ ಒಳಗೆ ಒಣಹಾಕಬೇಡಿ.

ನೆಲದಿಂದ ಏರುವ ತೇವ ಸಾಮಾನ್ಯವಾಗಿ ಒಂದು ಮೀಟರ್ ಎತ್ತರದಲ್ಲಿ ಬಿಳಿ ಉಪ್ಪಿನ ಗೆರೆ ಬಿಟ್ಟು ನಿಲ್ಲುತ್ತದೆ. ಅದರ ಮೇಲೆ ನೀರು ದಾಟದ ಬಣ್ಣ ಬಳಿದರೆ ಆವಿಯಾಗುವ ದಾರಿ ಮುಚ್ಚಿ ಗೆರೆ ಇನ್ನೂ ಮೇಲಕ್ಕೆ ಹೋಗುತ್ತದೆ. ಮೊದಲು ಹೊರಗೆ ಹೋಗಿ ನೋಡಿ. ಹೂದೋಟದ ಮಣ್ಣೋ ಹೊಸ ಕಲ್ಲುಹಾಸೋ ಗೋಡೆಯ ಬುಡದಲ್ಲಿರುವ ತೇವತಡೆ ಪದರಕ್ಕಿಂತ ಮೇಲೆ ಬಂದಿರುತ್ತದೆ. ಮಣ್ಣು ಅದಕ್ಕಿಂತ 150 ಮಿಲಿಮೀಟರ್ ಕೆಳಗಿರಬೇಕು.

ಇನ್ನು ಗೀಸರ್. ಬಿಸಿಯಾಗುವಾಗ ಸೇಫ್ಟಿ ವಾಲ್ವಿನಿಂದ ನೀರು ತೊಟ್ಟಿಕ್ಕಿದರೆ ಅದು ಕೆಟ್ಟಿಲ್ಲ, ತನ್ನ ಕೆಲಸ ಮಾಡುತ್ತಿದೆ. 20 ಡಿಗ್ರಿಯಿಂದ 60ಕ್ಕೆ ಕಾದ ನೀರು ಶೇಕಡಾ 1.5ರಷ್ಟು ಹಿಗ್ಗುತ್ತದೆ. 25 ಲೀಟರ್ ಗೀಸರಿನಲ್ಲಿ ಅದು ಒಂದೂವರೆ ಲೋಟದಷ್ಟು ನೀರು. ಹಿಂದಕ್ಕೆ ಹೋಗಲು ನಾನ್-ರಿಟರ್ನ್ ವಾಲ್ವ್ ಬಿಡದು, ಹೊರಗೆ ಹನಿಯಲೇಬೇಕು. ಆ ಹನಿ ಕಿರಿಕಿರಿ ಎಂದು ಬಾಯಿಗೆ ಬಿರಡೆ ಬಡಿಯುವವರು ಮನೆಯೊಳಗೆ ಬಾಂಬು ಕಟ್ಟಿಟ್ಟಂತೆ. ಬಿಸಿ ಸಾಕಾದಾಗ ಕರೆಂಟ್ ಕಡಿಯುವ ಥರ್ಮೋಸ್ಟಾಟ್ ಅಂಟಿಕೊಂಡ ದಿನ ಟ್ಯಾಂಕಿಗೆ ಬೇರೆ ದಾರಿಯಿಲ್ಲ. ಸ್ವಿಚ್ ಆರಿಸಿ ಗಂಟೆಗಟ್ಟಲೆ ಆದರೂ ಹನಿಯುತ್ತಿದ್ದರೆ ಮಾತು ಬೇರೆ: ವಾಲ್ವಿನ ಬಾಯಲ್ಲಿ ಸುಣ್ಣ ಕೂತಿದೆ, ಇಲ್ಲವೇ ಬರುವ ನೀರಿನ ಒತ್ತಡವೇ ಹೆಚ್ಚು. ಮೊದಲನೆಯದಕ್ಕೆ ಹೊಸ ವಾಲ್ವ್, ಎರಡನೆಯದಕ್ಕೆ ಒತ್ತಡ ಇಳಿಸುವ ವಾಲ್ವ್.

ನೀರು ಕಾಯಲು ತಡವಾಗುತ್ತಿದೆ ಎಂಬ ದೂರಿಗೆ ಮೊದಲು ಲೆಕ್ಕ ಹಾಕಿ. 25 ಲೀಟರ್ ನೀರನ್ನು 40 ಡಿಗ್ರಿ ಏರಿಸಲು ಸುಮಾರು 1.16 ಯೂನಿಟ್ ವಿದ್ಯುತ್ ಬೇಕು, 2 ಕಿಲೋವಾಟ್ ಎಲಿಮೆಂಟಿಗೆ ಸುಮಾರು 35 ನಿಮಿಷ. ಒಂದು ಗಂಟೆ ಹಿಡಿದರೆ ವಿದ್ಯುತ್ ಬಂದ್ ಮಾಡಿ, ತಂತಿ ಬಿಡಿಸಿ, ಎಲೆಕ್ಟ್ರಿಷಿಯನ್ನರಿಂದ ಎಲಿಮೆಂಟಿನ ರೋಧ ಅಳೆಸಿ. 230 ವೋಲ್ಟಿನ 2 ಕಿಲೋವಾಟ್ ಎಲಿಮೆಂಟ್ 26 ಓಮ್ ಆಸುಪಾಸು ತೋರಿಸಬೇಕು. ಅದು ಸರಿಯಿದ್ದರೆ ವೋಲ್ಟೇಜ್ ಕಡಿಮೆಯೋ, ಥರ್ಮೋಸ್ಟಾಟ್ ಬೇಗ ಕಡಿಯುತ್ತಿದೆಯೋ ನೋಡಬೇಕು. ಹಾಕಿದ ಸ್ವಲ್ಪ ಹೊತ್ತಿಗೆ, ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್ಚಾದ ಆರ್‌ಸಿಸಿಬಿ ಬೀಳುತ್ತಿದ್ದರೆ ಎಲಿಮೆಂಟಿನ ಕವಚ ಬಿರುಕುಬಿಟ್ಟು ಕರೆಂಟ್ ನೀರಿಗೆ ಸೋರುತ್ತಿರಬಹುದು. ಆರ್‌ಸಿಸಿಬಿ ತೆಗೆಸಿ ಬಳಸುವುದು ಸಾವಿನ ಜೊತೆ ಸ್ನಾನ. ಟ್ಯಾಂಕಿನ ಆಯುಷ್ಯ ನಿಂತಿರುವುದು ಆನೋಡ್ ರಾಡಿನ ಮೇಲೆ. ಟ್ಯಾಂಕಿನ ಬದಲು ತಾನು ಸವೆಯುವುದೇ ಅದರ ಕೆಲಸ. ವರ್ಷಕ್ಕೊಮ್ಮೆ ತೆಗೆದು ನೋಡಿ, ಒಳಗಿನ ಕಂಬಿ ಕಾಣುತ್ತಿದ್ದರೆ ಬದಲಿಸಿ. ಟ್ಯಾಂಕಿನ ಮೈಯೇ ತೂತಾದರೆ ಬೆಸುಗೆ ಹಾಕಿಸಬೇಡಿ. ಒಳಗಿನ ಗಾಜಿನ ಲೇಪ ಸುಟ್ಟುಹೋಗುತ್ತದೆ.

ಗ್ಯಾಸ್ ಗೀಸರ್ ಬಗ್ಗೆ ಮಾತು ಚಿಕ್ಕದು. ಹೊಗೆ ಹೊರಹಾಕುವ ಕೊಳವೆ ಇಲ್ಲದ ಗೀಸರ್ ಸ್ನಾನದ ಮನೆಯೊಳಗೆ ಇರಕೂಡದು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಜ್ವಾಲೆ ನೀಲಿ ಬಿಟ್ಟು ಹಳದಿಯಾದರೆ, ಒಳಗಿದ್ದಾಗ ಬರುವ ತಲೆನೋವು, ವಾಕರಿಕೆ ಹೊರಗೆ ಬಂದರೆ ಇಳಿಯುವಂತಿದ್ದರೆ, ಆರಿಸಿ, ಕಿಟಕಿ ಬಾಗಿಲು ತೆರೆದು ಹೊರನಡೆಯಿರಿ. ಅದನ್ನು ಬಿಚ್ಚುವುದು ಪರವಾನಗಿ ಇರುವವರ ಕೆಲಸ.

ಬಾಯ್ಲರ್, ರೇಡಿಯೇಟರ್ ಇರುವ ಚಳಿ ಪ್ರದೇಶದ ಮನೆಯವರಿಗೆ: ರೇಡಿಯೇಟರ್ ಮೇಲ್ಭಾಗ ತಣ್ಣಗಿದ್ದರೆ ಗಾಳಿ ಸೇರಿದೆ, ಕೀಲಿಯಿಂದ ಬಿಟ್ಟರಾಯಿತು. ಕೆಳಭಾಗ ತಣ್ಣಗಿದ್ದರೆ ಕೆಸರು, ತೊಳೆಸಬೇಕು. ತಣ್ಣಗಿದ್ದಾಗ 1ರಿಂದ 1.5 ಬಾರ್ ಇರುವ ಒತ್ತಡ, ಕಾದಾಗ 3ಕ್ಕೆ ಹತ್ತಿ ನೀರು ಹೊರಚೆಲ್ಲಿ, ಆರಿದ ಮೇಲೆ ಕುಸಿಯುತ್ತಿದ್ದರೆ ಎಕ್ಸ್‌ಪ್ಯಾನ್ಷನ್ ವೆಸೆಲ್ (ಹಿಗ್ಗಿದ ನೀರಿಗೆ ಜಾಗ ಕೊಡುವ, ಗಾಳಿ ತುಂಬಿದ ಡಬ್ಬಿ) ಗಾಳಿ ಕಳೆದುಕೊಂಡಿದೆ. ದಿನಾ ನೀರು ತುಂಬುತ್ತಾ ಹೋದರೆ ಹೊಸ ನೀರಿನ ಆಮ್ಲಜನಕ ಒಳಗೆಲ್ಲ ತುಕ್ಕು ಹಿಡಿಸುತ್ತದೆ.

ಇನ್ನು ಕಾಗದದ ಮಾತು. ತೊಂದರೆ ಕಂಡೊಡನೆ ಹೊಣೆಗಾರರಿಗೆ ಬರಹದಲ್ಲಿ ತಿಳಿಸಿ: ಯಾವ ಜಾಗ, ಯಾವ ತಾರೀಖಿನಿಂದ, ಯಾವ ಪರೀಕ್ಷೆಯಲ್ಲಿ ಏನು ಕಂಡಿತು, ಯಾವ ದಿನದೊಳಗೆ ಬಂದು ನೋಡಬೇಕು. ಸರಿಪಡಿಸುವ ಅವಕಾಶವನ್ನೇ ಕೊಡದೆ ಬೇರೆಯವರಿಂದ ಮಾಡಿಸಿ ಬಿಲ್ ಕಳಿಸಿದರೆ ಹಲವು ಕಡೆ ಕಾನೂನು ನಿಮ್ಮ ಪರ ಗಟ್ಟಿಯಾಗಿ ನಿಲ್ಲುವುದಿಲ್ಲ. ಹಾಗೆಂದು ನೀರು ಸುರಿಯಲು ಬಿಟ್ಟು ಕೂರಲೂ ಆಗದು. ಹಾನಿ ಹೆಚ್ಚದಂತೆ ನೋಡಿಕೊಳ್ಳುವುದು ನಿಮ್ಮ ಪಾಲಿನ ಹೊಣೆ. ವಾಲ್ವ್ ಮುಚ್ಚಿ, ಸಾಮಾನು ಸರಿಸಿ, ತಾತ್ಕಾಲಿಕ ರಿಪೇರಿ ಮಾಡಿಸಿ, ರಸೀದಿ ಇಟ್ಟುಕೊಳ್ಳಿ. ವಿಮೆಯಲ್ಲಿ ಸಾಮಾನ್ಯವಾಗಿ ಪೈಪು ಏಕಾಏಕಿ ಒಡೆದದ್ದಕ್ಕೂ ವರ್ಷಾನುಗಟ್ಟಲೆ ಜಿನುಗಿದ್ದಕ್ಕೂ ವ್ಯತ್ಯಾಸವಿದೆ. ಎರಡನೆಯದನ್ನು ಅವರು ಸವೆತವೆಂದು ತಳ್ಳುತ್ತಾರೆ. ಆಗ ನಿಮ್ಮ ಪೆನ್ಸಿಲ್ ಗೆರೆಯ ತಾರೀಖೇ ಮಾತಾಡಬೇಕು. ದಾವೆ ಹೂಡಲು ಕಾನೂನಿನ ಗಡುವೂ ಇರುತ್ತದೆ. ಗುತ್ತಿಗೆದಾರರ 'ನೋಡೋಣ, ಮಾಡೋಣ' ಕೇಳುತ್ತಾ ಅದನ್ನು ದಾಟಿಸಿಕೊಳ್ಳಬೇಡಿ.

ಅಪಾರ್ಟ್‌ಮೆಂಟಿನಲ್ಲಿ ಮೊದಲ ಪ್ರಶ್ನೆ, ಪೈಪು ಯಾರದು ಎಂಬುದು. ಎಲ್ಲ ಮಹಡಿಗೂ ಸೇರಿದ ಲಂಬ ಪೈಪು ಸಾಮಾನ್ಯವಾಗಿ ಸಂಘದ್ದು, ಅದಕ್ಕೆ ಕೂಡುವ ಕವಲು ಆ ಮನೆಯದು. ಕ್ರಯಪತ್ರ, ಸಂಘದ ನಿಯಮಾವಳಿಯಲ್ಲಿ ಏನಿದೆಯೋ ಅದೇ ಅಂತಿಮ. ಮೇಲಿನ ಮನೆಯವರನ್ನು ತಪ್ಪಿತಸ್ಥರೆಂದು ಬರೆಯುವ ಬದಲು 'ನಿಮ್ಮ ಬಚ್ಚಲಲ್ಲಿ ನೀರು ನಿಲ್ಲಿಸಿ ಇಬ್ಬರೂ ಸೇರಿ ನೋಡೋಣ' ಎಂದು ಬರೆಯಿರಿ. ಫಲಿತಾಂಶಕ್ಕೆ ಅಲ್ಲೇ ಇಬ್ಬರೂ ಸಹಿ ಹಾಕಿ.

ಹೊಸ ಕೆಲಸ ಕೊಡುವಾಗ 'ವಾಟರ್‌ಪ್ರೂಫಿಂಗ್ ಮಾಡುವುದು' ಎಂಬ ಒಂದು ಸಾಲಿನ ಕರಾರಿಗೆ ಬೆಲೆಯಿಲ್ಲ. ಎಷ್ಟು ಚದರ ಮೀಟರ್, ಯಾವ ವಸ್ತು, ಎಷ್ಟು ಪದರ, ಗೋಡೆಗೆ ಎಷ್ಟು ಎತ್ತರ, ಟೈಲ್ಸ್ ಹಾಕುವ ಮೊದಲು 24 ಗಂಟೆಯ ನೀರಿನ ಪರೀಕ್ಷೆ, ಇಷ್ಟೂ ಬರೆಸಿ. ಹಣ ಹಂತಹಂತವಾಗಿರಲಿ. ಶೇಕಡಾ 5ರಿಂದ 10ರಷ್ಟನ್ನು ಒಂದು ಮಳೆಗಾಲ ಕಳೆಯುವವರೆಗೆ ತಡೆಹಿಡಿಯುವುದಾಗಿ ಮೊದಲೇ ಕರಾರಿನಲ್ಲಿ ಬರೆಸಿ. ಬರೆಸದೆ ಆಮೇಲೆ ತಡೆದರೆ ತಪ್ಪು ನಿಮ್ಮದಾಗುತ್ತದೆ. ನಡುವೆ ಬದಲಾದ ಕೆಲಸಕ್ಕೆ ಬೆಲೆ ಸಹಿತ ಮೆಸೇಜಾದರೂ ಇರಲಿ. ಹತ್ತು ವರ್ಷದ ಗ್ಯಾರಂಟಿ ಎಂದರೆ ಡಬ್ಬಿಯೊಳಗಿನ ವಸ್ತುವಿಗೋ, ಬಳಿದ ಕೆಲಸಕ್ಕೋ, ಮತ್ತೆ ಟೈಲ್ಸ್ ಕೀಳುವ ಕೂಲಿಗೋ ಕೇಳಿ. ಬಹಳ ಸಲ ಅದು ಡಬ್ಬಿಗಷ್ಟೇ.

ಕಡೆಗೆ ಒಡೆಯುವ ದಿನ ಬಂದಾಗ: ಒಡೆಯುವ ಮುನ್ನ, ಪೈಪು ಕಂಡಾಗ, ತಪ್ಪು ಕಂಡಾಗ, ಸರಿಪಡಿಸಿದ ಮೇಲೆ, ಹೀಗೆ ನಾಲ್ಕು ಫೋಟೋ ಒಂದೇ ಕೋನದಿಂದ ತೆಗೆಯಿರಿ. ಕತ್ತರಿಸಿದ ಪೈಪಿನ ತುಂಡು, ಸೀಳಿದ ಎಲ್ಬೋ, ಕಿತ್ತ ವಾಲ್ವ್ ಪ್ಲಂಬರ್ ಚೀಲಕ್ಕೆ ಹೋಗಕೂಡದು. ತಾರೀಖು ಬರೆದ ಕವರಿನಲ್ಲಿ ಕಟ್ಟಿ, ಲೆಕ್ಕ ಚುಕ್ತಾ ಆಗುವವರೆಗೆ ಅಟ್ಟದ ಮೇಲಿಡಿ.