ಸಾಕ್ಷಿಗೆ ಬಂದ ಅಜ್ಜಂದಿರು

ಇವತ್ತು ಬದಿಯಡ್ಕ ಕಡೆಯ ಅಜ್ಜ ಒಬ್ಬರು ವಿಲ್ ಮಾಡಿಸಲು ಬಂದಿದ್ದರು. ಜೊತೆಗೆ ಇಬ್ಬರು ಸಾಕ್ಷಿಗಳು. ಒಬ್ಬರಿಗೆ 84, ಇನ್ನೊಬ್ಬರಿಗೆ 86. ವಿಲ್ ಮಾಡುವವರಿಗೇ 79!

"ಸ್ವಲ್ಪ ಸಣ್ಣ ಪ್ರಾಯದವರು ಸಿಗಲಿಲ್ವಾ ಅಜ್ಜ?"

"ಇವರಷ್ಟು ನಂಬಿಕೆ ಬೇರೆ ಯಾರ ಮೇಲೂ ಇಲ್ಲ ವಕೀಲರೇ."

ಸರಿ. 1925ರ ಉತ್ತರಾಧಿಕಾರ ಕಾಯ್ದೆಗೆ ಇಬ್ಬರು ಸಾಕ್ಷಿ ಸಾಕು. ಸ್ಟಾಂಪ್ ಪೇಪರ್ ಬೇಡ, ರಿಜಿಸ್ಟ್ರೇಶನ್ ಕೂಡ ಕಡ್ಡಾಯವಲ್ಲ. ಆದರೆ ವಿಲ್ ಕೋರ್ಟಿಗೆ ಬರುವುದು ಬರೆಸಿದವರು ಹೋದ ಮೇಲೆ ಅಲ್ವಾ? ಆಗ ಸಾಕ್ಷಿಗಳಲ್ಲಿ ಒಬ್ಬರಾದರೂ ಬಂದು ಸಹಿ ಹಾಕಿದ್ದು ಹೌದು ಅನ್ನಬೇಕು. ಇಬ್ಬರೂ ಇಲ್ಲದಿದ್ದರೆ ಅವರ ಕೈಬರಹ ಗುರುತಿಸುವವರನ್ನು ಹುಡುಕಬೇಕು. ಅಡಿಕೆ ತೋಟದ ವ್ಯಾಜ್ಯ ಎಷ್ಟು ವರ್ಷ ಎಳೆಯುತ್ತದೆ ಅಂತ ನಮ್ಮ ಕಾಸರಗೋಡಿನವರಿಗೆ ಹೇಳಬೇಕಾಗಿಲ್ಲ.

ಇದನ್ನೆಲ್ಲ ಕೇಳಿ 86ರ ಅಜ್ಜ ಎಲೆಅಡಿಕೆ ಜಗಿಯುತ್ತಾ, "ಹಾಗಾದರೆ ನಾವು ಇವನಿಗಿಂತ ಮೊದಲು ಹೋಗುವ ಹಾಗಿಲ್ಲ" ಅಂದು ನಕ್ಕರು.

ಸಾಕ್ಷಿ ಇಬ್ಬರೇ ಇರಬೇಕೆಂದೇನೂ ಇಲ್ಲ. ಈ ಅಜ್ಜಂದಿರನ್ನು ಬಿಟ್ಟುಕೊಡಲು ವಿಲ್ ಮಾಡಿಸುವವರೂ ತಯಾರಿಲ್ಲ. ಕೊನೆಗೆ ಕರೆತಂದ ರಿಕ್ಷಾದ ಹುಡುಗನೇ ಮೂರನೇ ಸಾಕ್ಷಿ. ಅವರ ಊರಿನವನೇ.

ವೆಯಿಟಿಂಗ್ ಚಾರ್ಜ್ ಮಾತ್ರ ಬಿಡಲಿಲ್ಲವಂತೆ.